ಪಿಎಚ್‌ಪಿಯಲ್ಲಿ ಫೈಲ್ ಸೇರಿಸುವ ಮುನ್ನ

ಜಾಲತಾಣದಲ್ಲಿ ಹತ್ತು ಪುಟಗಳಿದ್ದರೆ ಹತ್ತಕ್ಕೂ ಅದೇ ತಲೆಪಟ್ಟಿ, ಅದೇ ಮೆನು, ಅದೇ ಡೇಟಾಬೇಸ್ ಸಂಪರ್ಕ. ಇವನ್ನು ಪುಟಪುಟಕ್ಕೂ ಬರೆದುಕೊಂಡು ಕೂರುವವರಿಲ್ಲ. ಬೇರೊಂದು ಫೈಲಿನಲ್ಲಿ ಒಮ್ಮೆ ಬರೆದಿಟ್ಟು ಬೇಕಾದ ಕಡೆ ಸೇರಿಸಿಕೊಳ್ಳುತ್ತಾರೆ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಬಿಡುಗಡೆ ಮಾಡಿದ ಪಿಎಚ್‌ಪಿ ಭಾಷೆಯಲ್ಲಿ ಈ ಕೆಲಸಕ್ಕಿರುವ ಆಜ್ಞೆಗಳು ಇನ್‌ಕ್ಲೂಡ್ ಮತ್ತು ರಿಕ್ವೈರ್. ಕಲಿಯಲು ಐದು ನಿಮಿಷ ಸಾಕು. ಎಡವಟ್ಟು ಆಗುವುದು ಆಮೇಲೆ.

ಈ ಆಜ್ಞೆಗಳು ಫೈಲನ್ನು ಸುಮ್ಮನೆ ಓದಿ ತೋರಿಸುತ್ತವೆ ಎಂದುಕೊಂಡವರು ಬಹಳ. ಹೆಸರಿಸಿದ ಫೈಲಿನೊಳಗೆ ಪಿಎಚ್‌ಪಿ ಟ್ಯಾಗ್ ಕಂಡರೆ ಅಲ್ಲಿರುವ ಕೋಡನ್ನು ಸರ್ವರ್ ಅಲ್ಲೇ ಓಡಿಸಿಬಿಡುತ್ತದೆ. ಫೈಲಿನ ಹೆಸರು .ಜೆಪಿಜಿ ಎಂದು ಮುಗಿದರೂ ಅದಕ್ಕೆ ಲೆಕ್ಕವಿಲ್ಲ. ಬರೀ ಪಠ್ಯ ತೋರಿಸಬೇಕಿದ್ದರೆ ರೀಡ್‌ಫೈಲ್ ಫಂಕ್ಷನ್ ಇದೆ, ಅದನ್ನೇ ಬಳಸಿ.

ಇನ್‌ಕ್ಲೂಡೋ, ರಿಕ್ವೈರೋ?

ಫೈಲ್ ಸಿಗದಿದ್ದರೆ ಇನ್‌ಕ್ಲೂಡ್ ಒಂದು ಎಚ್ಚರಿಕೆ ಕೊಟ್ಟು ಮುಂದಕ್ಕೆ ಹೋಗುತ್ತದೆ. ರಿಕ್ವೈರ್ ಅಲ್ಲಿಗೇ ನಿಲ್ಲಿಸುತ್ತದೆ. ವ್ಯತ್ಯಾಸ ಇಷ್ಟೇ ಆದರೂ ಇದರ ಹೊಡೆತ ಸಣ್ಣದಲ್ಲ. ಆಡಳಿತ ಪುಟದ ಮೊದಲ ಸಾಲಿನಲ್ಲಿ ಲಾಗಿನ್ ಪರೀಕ್ಷಿಸುವ ಫೈಲನ್ನು ಇನ್‌ಕ್ಲೂಡ್ ಮೂಲಕ ಸೇರಿಸಿದ್ದೀರಿ ಎನ್ನಿ. ಸರ್ವರ್ ಬದಲಿಸುವಾಗ ಆ ಫೈಲ್ ಬಿಟ್ಟುಹೋಯಿತು. ಎಚ್ಚರಿಕೆಗಳು ಪರದೆಗೆ ಬರದಂತೆ ಮಾಡಿರುತ್ತೀರಿ, ಹಾಗೆ ಮಾಡುವುದೇ ಸರಿ ಕೂಡ. ಆಗ ಪುಟ ಏನೂ ಆಗಿಲ್ಲವೆಂಬಂತೆ ತೆರೆಯುತ್ತದೆ, ಲಾಗಿನ್ ಕೇಳದೆ, ಯಾರಿಗೆ ಬೇಕಾದರೂ. ಆದ್ದರಿಂದ ಕಾವಲು, ಸಂರಚನೆ, ಡೇಟಾಬೇಸ್‌ಗೆ ಸಂಬಂಧಿಸಿದ ಯಾವುದನ್ನೇ ಆಗಲಿ ರಿಕ್ವೈರ್‌ನಿಂದಲೇ ಸೇರಿಸಬೇಕು. ಪಕ್ಕದ ಜಾಹೀರಾತು ಪಟ್ಟಿಯಂಥ, ಇಲ್ಲದಿದ್ದರೂ ನಡೆಯುವ ತುಣುಕುಗಳಿಗೆ ಇನ್‌ಕ್ಲೂಡ್ ಇರಲಿ.

ಫಂಕ್ಷನ್‌ಗಳಿರುವ ಫೈಲ್ ಎರಡು ಸಲ ಬಂದರೆ ‘ಈ ಹೆಸರು ಆಗಲೇ ಇದೆ’ ಎಂದು ಪಿಎಚ್‌ಪಿ ಕೈ ಎತ್ತುತ್ತದೆ. ಅಂಥದ್ದಕ್ಕೆ ರಿಕ್ವೈರ್_ಒನ್ಸ್.

ದಾರಿ ಪೂರ್ತಿ ಬರೆಯಿರಿ

‘../ಕಾನ್ಫಿಗ್.ಪಿಎಚ್‌ಪಿ’ ಎಂದು ಬರೆದರೆ ಚುಕ್ಕಿಗಳ ಲೆಕ್ಕ ಶುರುವಾಗುವುದು ನೀವು ಬರೆಯುತ್ತಿರುವ ಫೈಲಿನಿಂದಲ್ಲ, ಆ ಹೊತ್ತಿಗೆ ಪ್ರೋಗ್ರಾಂ ನಿಂತಿರುವ ಫೋಲ್ಡರಿನಿಂದ. ಬ್ರೌಸರಿನಲ್ಲಿ ಚೆನ್ನಾಗಿ ನಡೆಯುವ ಕೋಡ್, ರಾತ್ರಿ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕ ಓಡುವಾಗ ‘ಫೈಲ್ ಇಲ್ಲ’ ಎನ್ನುವುದು ಬಹುತೇಕ ಇದೇ ಕಾರಣಕ್ಕೆ. ಮದ್ದು ಸುಲಭ:

ರಿಕ್ವೈರ್ __ಡಿಐಆರ್__ . '/../ಕಾನ್ಫಿಗ್.ಪಿಎಚ್‌ಪಿ';

ಡಿಐಆರ್ ಎಂಬ ಮೂರು ದೊಡ್ಡಕ್ಷರಗಳ ಹಿಂದೆ ಎರಡು, ಮುಂದೆ ಎರಡು ಅಂಡರ್‌ಸ್ಕೋರ್. ಈ ಸಾಲು ಇರುವ ಫೈಲಿನ ಫೋಲ್ಡರ್ ಯಾವುದೋ ಅದರ ಪೂರ್ತಿ ವಿಳಾಸ ಅಲ್ಲಿ ಬಂದು ಕೂರುತ್ತದೆ. ಪಿಎಚ್‌ಪಿ 5.3ರಿಂದ ಈ ಸೌಲಭ್ಯವಿದೆ. (ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆಜ್ಞೆಗಳನ್ನು ನೀವು ಟೈಪಿಸುವಾಗ ಇಂಗ್ಲಿಷಿನಲ್ಲೇ ಬರೆಯಬೇಕು.)

ಅಕ್ಷರದ ಗಾತ್ರದ ಮೇಲೂ ಕಣ್ಣಿಡಿ. ಮನೆಯ ವಿಂಡೋಸ್ ಯಂತ್ರ ದೊಡ್ಡಕ್ಷರ, ಚಿಕ್ಕಕ್ಷರ ಎಂದು ಭೇದ ಮಾಡದು, ಲಿನಕ್ಸ್ ಸರ್ವರ್ ಮಾಡುತ್ತದೆ. ಫೈಲ್ ಹೆಸರೆಲ್ಲ ಚಿಕ್ಕಕ್ಷರದಲ್ಲಿದ್ದರೆ ಈ ತಂಟೆಯೇ ಇಲ್ಲ.

ಹೆಸರು ಹೊರಗಿನಿಂದ ಬರಬಾರದು

ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲಿದೆ. ಹಳೆಯ ತಾಣಗಳಲ್ಲಿ ಹೀಗೊಂದು ಸಾಲು ಸಿಗುತ್ತಿತ್ತು, ಈಗಲೂ ಸಿಗುತ್ತದೆ:

ಇನ್‌ಕ್ಲೂಡ್ $_ಗೆಟ್['ಪುಟ'];

ವಿಳಾಸದ ಕೊನೆಗೆ ಪುಟದ ಹೆಸರು ಸೇರಿಸಿದರೆ ಆ ಪುಟ ಬರುತ್ತದೆ, ಎಷ್ಟು ಸಲೀಸು! ಆದರೆ ವಿಳಾಸಪಟ್ಟಿಯಲ್ಲಿ ಬರೆಯುವವರು ನೀವಲ್ಲ, ಓದುಗ. ಅವನು ಪುಟದ ಹೆಸರಿನ ಜಾಗದಲ್ಲಿ ‘../’ಗಳ ಸಾಲು ಹಾಕಿ ‘ಇಟಿಸಿ/ಪಾಸ್‌ಡಬ್ಲ್ಯುಡಿ’ ಎಂದರೆ ಸರ್ವರಿನ ಬಳಕೆದಾರರ ಪಟ್ಟಿ ಪರದೆಗೆ ಬರುತ್ತದೆ. ಫೋಟೊ ಅಪ್‌ಲೋಡ್ ಮಾಡುವ ಅವಕಾಶ ಕೊಟ್ಟಿದ್ದರೆ ಇನ್ನೂ ಕಷ್ಟ. ಚಿತ್ರದೊಳಗೆ ನಾಲ್ಕು ಸಾಲು ಕೋಡ್ ತುರುಕಿ, ಆ ಚಿತ್ರದ ಹೆಸರನ್ನೇ ಇಲ್ಲಿ ಕೊಟ್ಟರಾಯಿತು, ನಿಮ್ಮ ಸರ್ವರ್ ಅವನ ಮಾತು ಕೇಳುತ್ತದೆ.

ಕೊನೆಗೆ ‘.ಪಿಎಚ್‌ಪಿ’ ಅಂಟಿಸಿದರೆ ಸಾಲದೇ ಎಂದು ಕೇಳುವವರುಂಟು. ಸಾಲದು. 2010ರವರೆಗೆ ಹೆಸರಿನ ಮಧ್ಯೆ ಶೂನ್ಯ ಬೈಟ್ ಇಟ್ಟು ಆ ಬಾಲವನ್ನೇ ಕತ್ತರಿಸಬಹುದಿತ್ತು, 5.3.4 ಆವೃತ್ತಿಯಲ್ಲಿ ಅದನ್ನು ಮುಚ್ಚಿದರು. ಆದರೂ ಪಿಎಚ್‌ಪಿಯ ‘ಫಿಲ್ಟರ್’ ವಿಳಾಸ ಬಳಸಿ, ಬಾಲವಿದ್ದೂ ನಿಮ್ಮ ಸಂರಚನಾ ಫೈಲಿನ ಮೂಲ ಕೋಡನ್ನು ಬೇಸ್64 ರೂಪದಲ್ಲಿ ಹೊರಗೆಳೆಯಬಹುದು. ‘../’ ಅನ್ನು ಅಳಿಸಿಹಾಕುವ ಉಪಾಯವೂ ಹುಸಿ. ‘....//’ ಎಂದು ಕೊಟ್ಟರೆ ಮಧ್ಯದ ‘../’ ಅಳಿಸಿಹೋಗಿ, ಆಚೀಚಿನ ಚುಕ್ಕಿಗಳು ಕೂಡಿ ಮತ್ತೆ ‘../’ ಆಗುತ್ತದೆ.

ಕೆಟ್ಟದ್ದನ್ನು ಹೆಕ್ಕಿ ತೆಗೆಯುತ್ತಾ ಕೂರುವ ಬದಲು, ಒಪ್ಪಿಗೆಯಾದದ್ದನ್ನು ಮಾತ್ರ ಪಟ್ಟಿ ಮಾಡಿ:

$ಪುಟಗಳು = [
'ಮುಖಪುಟ' => 'ಹೋಮ್.ಪಿಎಚ್‌ಪಿ',
'ಸಂಪರ್ಕ' => 'ಕಾಂಟ್ಯಾಕ್ಟ್.ಪಿಎಚ್‌ಪಿ',
];
$ಕೇಳಿದ್ದು = $_ಗೆಟ್['ಪುಟ'] ?? 'ಮುಖಪುಟ';
$ಫೈಲ್ = $ಪುಟಗಳು[$ಕೇಳಿದ್ದು] ?? '404.ಪಿಎಚ್‌ಪಿ';
ರಿಕ್ವೈರ್ __ಡಿಐಆರ್__ . '/ಪುಟಗಳು/' . $ಫೈಲ್;

ಓದುಗ ಏನೇ ಬರೆದರೂ ಅದು ಪಟ್ಟಿಯಲ್ಲಿ ಹುಡುಕಲು ಮಾತ್ರ ಬಳಕೆಯಾಗುತ್ತದೆ. ಫೈಲಿನ ಹೆಸರು ನೀವು ಬರೆದಿಟ್ಟದ್ದೇ. (ಅಂದಹಾಗೆ, ವೇರಿಯಬಲ್ ಹೆಸರು ಕನ್ನಡದಲ್ಲಿದ್ದರೆ ಪಿಎಚ್‌ಪಿ ತಕರಾರು ಮಾಡುವುದಿಲ್ಲ.)

ಇದರ ಜೊತೆಗೆ ಪಿಎಚ್‌ಪಿ.ಐಎನ್‌ಐ ಫೈಲಿನಲ್ಲಿ ಅಲೋ_ಯುಆರ್‌ಎಲ್_ಇನ್‌ಕ್ಲೂಡ್ ಆಫ್ ಆಗಿದೆಯೇ ನೋಡಿ. ಬೇರೆಯವರ ಸರ್ವರಿನಲ್ಲಿರುವ ಕೋಡನ್ನು ತಂದು ಓಡಿಸಲು ಬಿಡುವ ಸೆಟ್ಟಿಂಗ್ ಅದು. ಮೊದಲಿನಿಂದಲೂ ಆಫ್ ಆಗಿಯೇ ಬರುತ್ತದೆ. ಆನ್ ಆಗಿದ್ದರೆ ಯಾರೋ ಬೇಕೆಂದೇ ಮಾಡಿದ್ದಾರೆ.

ಇಡುವುದು ಎಲ್ಲಿ?

ಹಂಚಿಕೆಯ ಫೈಲುಗಳನ್ನು ಬ್ರೌಸರಿಗೆ ತೆರೆದಿರುವ ಫೋಲ್ಡರಿನ ಹೊರಗಿಡಿ. ಲಾರಾವೆಲ್‌ನಂಥ ಚೌಕಟ್ಟುಗಳಲ್ಲಿ ‘ಪಬ್ಲಿಕ್’ ಎಂಬ ಫೋಲ್ಡರನ್ನು ಮಾತ್ರ ಹೊರಜಗತ್ತಿಗೆ ಬಿಡುವುದು ಇದೇ ಉದ್ದೇಶಕ್ಕೆ. ಹಿಂದೆ ‘.ಐಎನ್‌ಸಿ’ ಎಂದು ಹೆಸರಿಡುವ ರೂಢಿಯಿತ್ತು. ಹಾಗೆ ಮುಗಿಯುವ ಫೈಲನ್ನು ಪಿಎಚ್‌ಪಿ ಎಂದು ಸರ್ವರಿಗೆ ಹೇಳಿಕೊಟ್ಟಿಲ್ಲದಿದ್ದರೆ, ವಿಳಾಸ ಟೈಪಿಸಿದವರಿಗೆ ಡೇಟಾಬೇಸ್ ಪಾಸ್‌ವರ್ಡ್ ಸಮೇತ ಇಡೀ ಫೈಲ್ ಪಠ್ಯವಾಗಿ ಕಾಣುತ್ತದೆ. ‘.ಪಿಎಚ್‌ಪಿ’ ಎಂದೇ ಹೆಸರಿಡಿ.

ಕಾಣದ ಮೂರು ಬೈಟು

ಕನ್ನಡ ಸಂದೇಶಗಳಿರುವ ಫೈಲನ್ನು ಹಳೆಯ ವಿಂಡೋಸ್ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಆಗಿ ಉಳಿಸಿದರೆ, ಮೊದಲಿಗೆ ಬಿಒಎಂ ಎಂಬ ಮೂರು ಬೈಟುಗಳು ಸೇರಿಕೊಳ್ಳುತ್ತವೆ. ಎಡಿಟರಿನಲ್ಲಿ ಕಾಣುವುದಿಲ್ಲ. ಆದರೆ ಫೈಲ್ ಸೇರಿಸಿದ ಕ್ಷಣ ಅವು ಬ್ರೌಸರಿನತ್ತ ಹೊರಟುಬಿಡುತ್ತವೆ. ಆಮೇಲೆ ಕುಕಿ ಕೂರದು, ಲಾಗಿನ್ ನಿಲ್ಲದು, ‘ಹೆಡರ್‌ಗಳು ಆಗಲೇ ಹೋಗಿವೆ’ ಎಂಬ ದೂರು ಬರುತ್ತದೆ. ಔಟ್‌ಪುಟ್ ಬಫರ್ ಇರುವ ನಿಮ್ಮ ಯಂತ್ರದಲ್ಲಿ ಇದು ಮರೆಯಾಗಿದ್ದು, ಸರ್ವರಿನಲ್ಲಿ ಬಯಲಾಗಬಹುದು. ಎಡಿಟರಿನಲ್ಲಿ ‘ಬಿಒಎಂ ಇಲ್ಲದ ಯುಟಿಎಫ್-8’ ಆಯ್ದುಕೊಳ್ಳಿ. ಬರೀ ಕೋಡ್ ಇರುವ ಫೈಲಿನ ಕೊನೆಯ ಮುಚ್ಚುವ ಟ್ಯಾಗನ್ನೂ ಬಿಟ್ಟುಬಿಡಿ. ಅದರಾಚೆ ಉಳಿದ ಖಾಲಿ ಸಾಲುಗಳದ್ದೂ ಇದೇ ಕಾಟ.

ಕ್ಲಾಸ್‌ಗಳು ಹೆಚ್ಚಾದ ಮೇಲೆ ಒಂದೊಂದನ್ನೂ ಕೈಯಲ್ಲಿ ಸೇರಿಸುವುದು ವ್ಯರ್ಥ ದುಡಿಮೆ. ಕಂಪೋಸರ್ ಎಂಬ ಸಲಕರಣೆ ಹಾಕಿಕೊಂಡು ಅದರ ಆಟೋಲೋಡ್ ಫೈಲೊಂದನ್ನು ರಿಕ್ವೈರ್ ಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಬೇರೆಯವರು ಬರೆದ ಹಳೆಯ ತಾಣ ಕೈಗೆ ಬಂದಿದ್ದರೆ, ಎಡಿಟರಿನಲ್ಲಿ ಇನ್‌ಕ್ಲೂಡ್ ಮತ್ತು ರಿಕ್ವೈರ್ ಎರಡನ್ನೂ ಎಲ್ಲ ಫೈಲುಗಳಲ್ಲಿ ಹುಡುಕಿಸಿ. ಡಾಲರ್ ಚಿಹ್ನೆ ಇರುವ ಸಾಲುಗಳನ್ನಷ್ಟೇ ಗುರುತಿಸಿಕೊಂಡು, ಆ ವೇರಿಯಬಲ್‌ಗೆ ಬೆಲೆ ಎಲ್ಲಿಂದ ಬಂತೆಂದು ಹಿಂದಕ್ಕೆ ಹುಡುಕುತ್ತಾ ಹೋಗಿ. ಗೆಟ್, ಪೋಸ್ಟ್ ಅಥವಾ ಕುಕಿಗೆ ಹೋಗಿ ಮುಟ್ಟಿದರೆ, ಮಿಕ್ಕ ಕೆಲಸ ಬದಿಗಿಟ್ಟು ಅದನ್ನು ಇವತ್ತೇ ಸರಿಪಡಿಸಿ.