ಸೊಟ್ಟಪಾದವೂ ಇರುಳಿನ ಬೂಟೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಪಾದ ಒಳತಿರುಚಿದ ಕೂಸು ಹುಟ್ಟಿದರೆ ಗ್ರಹಣವನ್ನು ದೂರುವುದುಂಟು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಲೋಕದಲ್ಲೆಲ್ಲ ಸುಮಾರು ಸಾವಿರಕ್ಕೊಂದು ಶಿಶು ಹೀಗೆ ಹುಟ್ಟುತ್ತದೆ.

ಡಾಕ್ಟರ್ ಪೊನ್ಸೆಟಿಯವರ ವಿಧಾನದಲ್ಲಿ ವಾರವಾರವೂ ಪ್ಲಾಸ್ಟರು ಕಟ್ಟಿ ಪಾದವನ್ನು ನೇರಗೊಳಿಸುವರು. ಸ್ನಾಯುರಜ್ಜುಗಳು ಅದನ್ನು ಮತ್ತೆ ಒಳಕ್ಕೆಳೆಯದಂತೆ, ಅಡ್ಡಪಟ್ಟಿಗೆ ಬಿಗಿದ ಬೂಟುಗಳನ್ನು ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಅನಂತರ ಸುಮಾರು 4 ವರ್ಷ ತುಂಬುವವರೆಗೆ ನಿದ್ರೆಯ ವೇಳೆ ತೊಡಿಸಬೇಕು.

ಮಗು ಅಳುವುದೇಕೆ? ಬಹುಮಟ್ಟಿಗೆ ನೋವಿನಿಂದಲ್ಲ, ಕಾಲುಗಳನ್ನು ಬೇರೆಬೇರೆಯಾಗಿ ಒದೆಯಲಾಗದ್ದರಿಂದ. ಆದುದರಿಂದ ಪಟ್ಟಿಯನ್ನು ಹಿಡಿದು, ಎರಡು ಕಾಲನ್ನೂ ಒಟ್ಟಿಗೆ ಮಡಿಸಿ ಚಾಚುವ ಆಟವನ್ನು ಕಲಿಸೋಣ. ಹಿಮ್ಮಡಿ ಬೂಟಿನ ತಳ ಮುಟ್ಟಿದೆಯೇ ಎಂದು ನೋಡೋಣ. ಹುಣ್ಣಾದರೆ ವೈದ್ಯರಿಗೆ ತೋರಿಸೋಣ. ಅಜ್ಜಿ ಮರುಗಿ ಬಿಚ್ಚಿದರೆ ಅಳು ಇಂದಿಗೆ ನಿಂತೀತು; ಪಾದ ಮರಳಿ ಸೊಟ್ಟಗಾದೀತು.