ರೌಟರಿನ ಮೀಸಲು ಅಂಗಗಳ ಪರೀಕ್ಷೆ

ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಮೀಸಲಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಮರ ಬಿದ್ದು ವಿದ್ಯುತ್ ತಂತಿ ಹರಿದ ರಾತ್ರಿ ಅಟ್ಟದ ಕಂದೀಲನ್ನು ಇಳಿಸಿದರೆ, ಅದರಲ್ಲಿ ಎಣ್ಣೆಯೇ ಇಲ್ಲ! ಕಂದೀಲು ಇದ್ದುದು ನಿಜ, ಮೀಸಲು ಇರಲಿಲ್ಲ. ಗಣಕಯಂತ್ರಗಳ ಜಾಲಕ್ಕೂ ಈ ಮಾತು ಅನ್ವಯಿಸುತ್ತದೆ.

ಮಾಹಿತಿಯ ತುಣುಕುಗಳಿಗೆ ಮುಂದಿನ ದಾರಿಯನ್ನು ನಿರ್ಣಯಿಸಿ ಕಳುಹಿಸುವ ಯಂತ್ರವೇ ರೌಟರ್. ದೊಡ್ಡ ಕೇಂದ್ರಗಳ ರೌಟರುಗಳಲ್ಲಿ ವಿದ್ಯುತ್ ಘಟಕ ಹಾಗೂ ನಿಯಂತ್ರಣ ಫಲಕಗಳನ್ನು ಜೋಡಿಯಾಗಿ ಇಡುವುದುಂಟು. ಒಂದು ಕೆಟ್ಟರೆ ಇನ್ನೊಂದು ಹೊಣೆ ಹೊರುತ್ತದೆ. ಅಪಾಯವೂ ಇಲ್ಲಿಯೇ ಅಡಗಿದೆ. ಮೀಸಲು ಅಂಗವು ಕೆಟ್ಟುಹೋದರೂ ಮೊದಲನೆಯದು ದುಡಿಯುತ್ತಿರುವುದರಿಂದ ಬಳಸುವವರಿಗೆ ಅದರ ಸುಳಿವು ಸಿಗುವುದಿಲ್ಲ. ಆದ್ದರಿಂದ ಯಂತ್ರವನ್ನು ಕೇಳಿಯೇ ತಿಳಿಯಬೇಕು.

ಕೇಳುವ ಬಗೆ ಹೀಗಿದೆ. ಸಿಸ್ಕೋ ಸಂಸ್ಥೆಯ ಜೋಡಿ ಫಲಕಗಳ ಅನೇಕ ಯಂತ್ರಗಳಲ್ಲಿ ಕೀಲಿಮಣೆಯಿಂದ ‘ಶೋ ರಿಡಂಡೆನ್ಸಿ ಸ್ಟೇಟ್ಸ್’ ಎಂಬ ಆದೇಶವನ್ನು ಕೊಡಬೇಕು. ತನ್ನ ಸ್ಥಿತಿ ‘13 ಆ್ಯಕ್ಟಿವ್’, ಜೊತೆಗಾರನ ಸ್ಥಿತಿ ‘8 ಸ್ಟ್ಯಾಂಡ್‌ಬೈ ಹಾಟ್’ ಎಂಬ ಉತ್ತರ ಬಂದರೆ ಎರಡನೆಯ ಫಲಕವು ಸರ್ವಸಿದ್ಧವಾಗಿದೆಯೆಂದು ತಿಳಿಯಬೇಕು. ‘ಸ್ಟ್ಯಾಂಡ್‌ಬೈ ಕೋಲ್ಡ್’ ಎಂದಿದ್ದರೆ ಸಿದ್ಧತೆ ಅಪೂರ್ಣ. ಹೊಣೆ ವಹಿಸಿಕೊಳ್ಳಲು ಅದಕ್ಕೆ ಕಾಲ ಹಿಡಿಯುತ್ತದೆ. ‘ಡಿಸೇಬಲ್ಡ್’ ಎಂದಿದ್ದರೆ ಜೊತೆಗಾರನನ್ನು ನೆಚ್ಚುವಂತೆಯೇ ಇಲ್ಲ.

‘ಶೋ ಇನ್ವೆಂಟರಿ’ ಎಂಬ ಆದೇಶವು ಯಂತ್ರದಲ್ಲಿ ಅಳವಡಿಸಿದ ಅಂಗಗಳ ಪಟ್ಟಿಯನ್ನು ಕೊಡುತ್ತದೆ. ‘ಶೋ ಎನ್ವಿರಾನ್ಮೆಂಟ್’ ಎಂಬುದು ವಿದ್ಯುತ್ ಘಟಕ, ಫ್ಯಾನು, ಉಷ್ಣತೆಗಳ ಸ್ಥಿತಿಯನ್ನು ತಿಳಿಸುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅಂಗವು ಸುಸ್ಥಿತಿಯಲ್ಲಿದೆಯೆಂದು ಭಾವಿಸಲಾಗದು. ಎರಡೂ ಉತ್ತರಗಳನ್ನು ಹೋಲಿಸಿ ನೋಡುವುದು ಅವಶ್ಯ.

ಆದರೆ ಯಂತ್ರಕ್ಕೆ ಹೊರಗಿನ ಸಂಗತಿ ತಿಳಿಯದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರಡೂ ವಿದ್ಯುತ್ ಘಟಕಗಳನ್ನು ಒಂದೇ ಯುಪಿಎಸ್‌ಗೆ ಜೋಡಿಸಿದ್ದರೂ ಅದು ‘ಎಲ್ಲವೂ ಸರಿ’ ಎಂದೇ ಉತ್ತರಿಸುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಸಂಚಾರ ನಿಂತಿತು. ಒಂದೇ ರಸ್ತೆಯ ಬದಿಯಲ್ಲಿ ಎರಡು ಕೇಬಲ್ಲುಗಳನ್ನು ಹೂಳಿದ್ದರೆ ಅಂಥ ಒಂದೇ ಕುಸಿತಕ್ಕೆ ಎರಡೂ ತುಂಡಾಗಬಲ್ಲವು. ಇಂಥವನ್ನು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಿಯೇ ಅರಿಯಬೇಕು.

ಕಡೆಯ ಪರೀಕ್ಷೆಯೆಂದರೆ, ಎಲ್ಲರಿಗೂ ಮುಂಚಿತವಾಗಿ ತಿಳಿಸಿದ ಬಿಡುವಿನ ವೇಳೆಯಲ್ಲಿ ‘ರಿಡಂಡೆನ್ಸಿ ಫೋರ್ಸ್-ಸ್ವಿಚ್‌ಓವರ್’ ಎಂಬ ಆದೇಶದಿಂದ ಹೊಣೆಯನ್ನು ಎರಡನೆಯ ಫಲಕಕ್ಕೆ ವರ್ಗಾಯಿಸಿ ನೋಡುವುದು. ಜೊತೆಗಾರನು ಸಿದ್ಧನಿರುವುದನ್ನು ಖಚಿತಪಡಿಸಿಕೊಳ್ಳದೆ ಇದಕ್ಕೆ ಕೈಹಾಕಬಾರದು. ಮೃಗಶಿರ ಮಳೆ ಹಿಡಿಯುವ ಮುನ್ನವೇ ಇದನ್ನು ಮುಗಿಸುವುದು ಲೇಸು. ಇರುಳಿನ ಕಂದೀಲನ್ನು ಹಗಲಿನಲ್ಲಿಯೇ ಹೊತ್ತಿಸಿ ನೋಡಿರಬೇಕು.