‘ಸಮಾಲೋಚನೆ’ ಎಂಬ ಪದ ಮತ್ತು ನ್ಯಾಯಾಂಗದ ಸ್ವಾತಂತ್ರ್ಯ

ನ್ಯಾಯಾಂಗದ ಸ್ವಾತಂತ್ರ್ಯವನ್ನು ನ್ಯಾಯಾಧೀಶರ ಪದಚ್ಯುತಿಯ ನೆಲೆಯಿಂದ ವಿವೇಚಿಸುವುದು ರೂಢಿ. ಇಂಗ್ಲೆಂಡಿನ 1701ರ ಕಾಯಿದೆಯು ‘ದೊರೆಯ ಇಚ್ಛೆ ಇರುವವರೆಗೆ’ ಎಂಬುದರ ಬದಲು ‘ಸನ್ನಡತೆ ಇರುವವರೆಗೆ’ ಎಂಬ ನಿಯಮವನ್ನು ವಿಧಿಸಿತು. ಭಾರತದ ಸಂವಿಧಾನವೂ ಪದಚ್ಯುತಿಗೆ ಸಂಸತ್ತಿನ ಉಭಯ ಸದನಗಳ ವಿಶೇಷ ಬಹುಮತವನ್ನು ಕಡ್ಡಾಯಗೊಳಿಸಿ ಆ ಬಾಗಿಲನ್ನು ಭದ್ರಪಡಿಸಿತು. ಆದರೆ ನೇಮಕಾತಿಯೆಂಬ ಇನ್ನೊಂದು ಬಾಗಿಲಿಗೆ ಇದ್ದ ಅಗುಳಿ ಒಂದೇ ಪದ.

ಸರ್ವೋಚ್ಚ ನ್ಯಾಯಾಲಯದ ಇತರ ನ್ಯಾಯಾಧೀಶರನ್ನು ನೇಮಿಸುವಾಗ ರಾಷ್ಟ್ರಪತಿಗಳು ಮುಖ್ಯ ನ್ಯಾಯಮೂರ್ತಿಗಳೊಡನೆ ‘ಸಮಾಲೋಚನೆ’ ನಡೆಸಬೇಕೆಂದು 124ನೆಯ ವಿಧಿ ಹೇಳುತ್ತದೆ. ‘ಸಹಮತಿ’ಯೇ ಬೇಕೆಂಬ ಸಲಹೆಯನ್ನು ಅಂಬೇಡ್ಕರ್ 1949ರ ಮೇ 24ರಂದು ಸಂವಿಧಾನ ರಚನಾ ಸಭೆಯಲ್ಲಿ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಗಳೂ ಮನುಷ್ಯಸಹಜ ದೌರ್ಬಲ್ಯಗಳುಳ್ಳವರೇ. ಅವರಿಗೆ ನಿರಾಕರಣಾಧಿಕಾರ ನೀಡುವುದು ಅಪಾಯಕರವೆಂಬುದು ಅವರ ವಾದವಾಗಿತ್ತು.

ಮುಖ್ಯ ನ್ಯಾಯಮೂರ್ತಿಯ ನೇಮಕಕ್ಕಂತೂ ಹಿರಿತನದ ಸಂಪ್ರದಾಯವೊಂದೇ ಆಸರೆ. ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದ ತೀರ್ಪು 1973ರ ಏಪ್ರಿಲ್ 24ರಂದು ಹೊರಬಿತ್ತು. ಅದರ ಬೆನ್ನಿಗೇ, ಆ ತೀರ್ಪಿನಲ್ಲಿ ಸರಕಾರದ ವಾದವನ್ನು ಪೂರ್ಣವಾಗಿ ಒಪ್ಪದಿದ್ದ ಶೇಲಟ್, ಹೆಗ್ಡೆ ಮತ್ತು ಗ್ರೋವರ್ ಅವರನ್ನು ಬದಿಗಿರಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಲಾಯಿತು. ಕನ್ನಡಿಗರಾದ ಕೆ.ಎಸ್. ಹೆಗ್ಡೆಯವರೂ ಸೇರಿದಂತೆ ಮೂವರೂ ರಾಜೀನಾಮೆಯಿತ್ತರು. ಲಿಖಿತ ನಿಯಮವೊಂದೂ ಇಲ್ಲಿ ಉಲ್ಲಂಘನೆಯಾಗಿರಲಿಲ್ಲ ಎಂಬುದೇ ಕಳವಳಕಾರಿ ಅಂಶ.

ಈ ಆಘಾತದ ಹಿನ್ನೆಲೆಯಲ್ಲಿ ‘ಸಮಾಲೋಚನೆ’ಯ ಅರ್ಥವೇ ವಿವಾದವಾಯಿತು. ಅದು ಸಹಮತಿಯಲ್ಲವೆಂದು 1981ರಲ್ಲಿ ನಿರ್ಣಯಿಸಿದ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ನ್ಯಾಯಾಂಗದ ಅಭಿಪ್ರಾಯಕ್ಕೇ ಪ್ರಾಧಾನ್ಯವಿತ್ತಿತು. ಅಂಬೇಡ್ಕರ್ ನಿರಾಕರಿಸಿದ್ದ ಅರ್ಥವು ಹೀಗೆ ವ್ಯಾಖ್ಯಾನದ ಮೂಲಕ ಆ ಪದದೊಳಕ್ಕೆ ಬಂದಿತು. ಆ ಪದವನ್ನೇ ಬದಲಿಸಿ ನೇಮಕಾತಿ ಆಯೋಗವನ್ನು ತಂದ 99ನೆಯ ತಿದ್ದುಪಡಿಯನ್ನು 2015ರಲ್ಲಿ ನ್ಯಾಯಾಲಯ ರದ್ದುಗೊಳಿಸಿದುದರಿಂದ, ‘ಸಮಾಲೋಚನೆ’ ತನ್ನ ಹೊಸ ಅರ್ಥದೊಡನೆ ಮರಳಿ ಊರ್ಜಿತವಾಯಿತು.